ಮೆಥಡಿಸ್ಟರಲ್ಲಿ ಪಾಸ್ಟರನ್ನು ನೇಮಿಸುವವರು ಯಾರು?

ಪ್ರಶ್ನೆ: ನಮ್ಮ ಕಡೆ ಇರುವುದು ಸಿ.ಎಸ್.ಐ. ಚರ್ಚು. ಬೀದರಿನಲ್ಲಿ ಮೆಥಡಿಸ್ಟ್ ಚರ್ಚು ನೋಡಿದೆ. ಅಲ್ಲಿಯ ಆಡಳಿತ ಹೇಗೆ?
– ಓದುಗರೊಬ್ಬರು, ಮೊಗ್ರಾಲ್

ಉತ್ತರ: ನಿಮ್ಮ ಕಡೆಯ ಪ್ರೊಟೆಸ್ಟೆಂಟರ ಬೇರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಬೀದರಿನದು ಅಮೆರಿಕನ್ ಮೆಥಡಿಸ್ಟರ ಕವಲು. ಮೈಸೂರು ಸೀಮೆಯಲ್ಲಿದ್ದ ಬ್ರಿಟಿಷ್ ವೆಸ್ಲಿಯನ್ ಮೆಥಡಿಸ್ಟರಿಗೆ ಬಿಷಪ್ಪರೇ ಇರಲಿಲ್ಲ. ಅವರು 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದರು. ಅಮೆರಿಕನ್ ಕವಲು ಸೇರದೆ ಉಳಿದು, 1981ರಲ್ಲಿ ಸ್ವತಂತ್ರ 'ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ' ಆಯಿತು.

ನಿಯಮಗಳ ವಿಷಯದಲ್ಲಿ ಇಲ್ಲಿ ಕೊನೆಯ ಮಾತು ಸಭೆಯದು, ವ್ಯಕ್ತಿಯದಲ್ಲ. ನಾಲ್ಕು ವರ್ಷಕ್ಕೊಮ್ಮೆ ಸೇರುವ ಜನರಲ್ ಕಾನ್ಫರೆನ್ಸ್ ನಿಯಮ ರೂಪಿಸುತ್ತದೆ. ಅದರ ಕೆಳಗೆ ಪ್ರಾದೇಶಿಕ ಕಾನ್ಫರೆನ್ಸ್, ಜಿಲ್ಲೆ, ಊರಿನ ಸಭೆ. ಪಾಸ್ಟರುಗಳ ಜೊತೆ ಸಾಮಾನ್ಯ ಸಭಿಕರ ಪ್ರತಿನಿಧಿಗಳೂ ಕೂತು ಮತ ಹಾಕುತ್ತಾರೆ.

ದೀಕ್ಷೆ ಎರಡೇ ಹಂತ: ಮೊದಲು ಡೀಕನ್, ಆಮೇಲೆ ಎಲ್ಡರ್. ಬಿಷಪ್ ಎಂದರೆ ಮೂರನೆಯ ದೀಕ್ಷೆಯಲ್ಲ, ಚುನಾಯಿತನಾಗಿ ಹೊಣೆ ಹೊತ್ತ ಎಲ್ಡರ್. ಜಿಲ್ಲೆಯ ಉಸ್ತುವಾರಿ ಸೂಪರಿಂಟೆಂಡೆಂಟರದು.

ಆದರೆ ಪಾಸ್ಟರನ್ನು ಊರಿನವರು ಆರಿಸುವಂತಿಲ್ಲ, ನೇಮಿಸುವವರು ಬಿಷಪ್. ಕಾನ್ಫರೆನ್ಸಿನ ಕೊನೆಗೆ ಬಿಷಪ್ ಎದ್ದು ನಿಂತು, ಯಾರು ಯಾವ ಊರಿಗೆ ಎಂಬ ಪಟ್ಟಿಯನ್ನು ಓದುತ್ತಾರೆ. ಮಕ್ಕಳ ಶಾಲೆ, ಮನೆ ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಕುಟುಂಬಗಳಿಗೆ ಇದು ಕಷ್ಟವೇ. ಆದರೂ ಬಡ ಹಳ್ಳಿಯ ಸಭೆಗೂ ಪಾಸ್ಟರು ಸಿಗಬೇಕಾದರೆ ಇದಕ್ಕಿಂತ ನ್ಯಾಯವಾದ ಪದ್ಧತಿ ನನಗೆ ಕಾಣುವುದಿಲ್ಲ.