ಉಡುಗೆಯ ಚಿತ್ರಗಳೂ ಅವುಗಳ ಹಿಂದಿನ ಕೈಗಳೂ

ಮಾಸಪತ್ರಿಕೆಯು ಮನೆಗೆ ಬಂದೊಡನೆ ಮೊದಲು ಚಿತ್ರಗಳನ್ನೆಲ್ಲ ತಿರುವಿನೋಡಿ, ಬಳಿಕ ಲೇಖನಗಳನ್ನು ಓದತೊಡಗುವುದು ಬಹುಮಂದಿ ವಾಚಕರ ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಯೂರೋಪು ಅಮೆರಿಕಗಳ ಗೃಹಿಣಿಯರೂ ಇದಕ್ಕೆ ಹೊರತಾಗಿರಲಿಲ್ಲ. ಅವರ ಪತ್ರಿಕೆಗಳಲ್ಲಿ ಉಡುಗೆಯನ್ನು ತೋರಿಸುವ ಬಣ್ಣದ ಚಿತ್ರಗಳು ಸೇರಿರುತ್ತಿದ್ದುವು. ಪ್ಯಾರಿಸ್ ನಗರದಲ್ಲಿ ಯಾವ ಉಡುಗೆ ಬಳಕೆಗೆ ಬಂದಿದೆಯೆಂಬುದನ್ನು ದೂರದ ಊರುಗಳ ಹೆಂಗಸರೂ ದರ್ಜಿಗಳೂ ಅವನ್ನು ನೋಡಿ ತಿಳಿದುಕೊಳ್ಳುತ್ತಿದ್ದರು.

ಇಂತಹ ನಾಲ್ಕಾರು ಚಿತ್ರಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಉದ್ಯಾನದಲ್ಲೋ ಹಜಾರದಲ್ಲೋ ಇಬ್ಬರು ಮಹಿಳೆಯರು ನಿಂತಿರುವರು; ಕೆಲವೊಮ್ಮೆ ಪಕ್ಕದಲ್ಲಿ ಒಂದು ಮಗು. ಸೊಂಟ ಹಿಡಿಯಷ್ಟು, ಪಾದ ಬೆರಳಷ್ಟು. ಕೈಯಲ್ಲಿ ಬೀಸಣಿಗೆ, ಹೂವು, ಇಲ್ಲವೆ ಒಂದು ಕಾಗದ. ಒಲೆಯಾಗಲಿ ಪೊರಕೆಯಾಗಲಿ ಅಲ್ಲಿ ಕಾಣದು. ಹೊಸದಾಗಿ ಹಣವಂತರಾದ ವರ್ತಕರಿಗೂ ಗಿರಣಿಯ ಯಜಮಾನರಿಗೂ ಬೇಕಾಗಿದ್ದುದು ಇದೇ. ಹೆಂಡತಿಯ ಬಿಡುವಾದ ಕೈಯೇ ಗಂಡನ ಸಿರಿಗೆ ಸಾಕ್ಷಿಯಾಗಿದ್ದಿತು. ಬೆಳಗಿಗೊಂದು, ತಿರುಗಾಟಕ್ಕೊಂದು, ಪರರ ಮನೆಯ ಭೇಟಿಗೊಂದು, ರಾತ್ರಿಯ ಔತಣಕ್ಕೊಂದು ಉಡುಗೆಯೆಂಬ ಕಟ್ಟಳೆಯನ್ನು ಹಿರಿಯರಿಂದ ಕಲಿಯದಿದ್ದ ಮನೆತನಗಳಿಗೆ ಈ ಚಿತ್ರಗಳೇ ಗುರುಸ್ಥಾನದಲ್ಲಿದ್ದುವು. 1856ರಲ್ಲಿ ಲಂಗವನ್ನು ಅಗಲಿಸಿ ಹಿಡಿಯುವ ಉಕ್ಕಿನ ಬಳೆಗಳ ಕ್ರಿನೊಲಿನ್ ಬಂದಿತು. ಕೋಳಿ ಮುಚ್ಚುವ ಬುಟ್ಟಿಯನ್ನು ಕಂಡವರಿಗೆ ಅದರ ಆಕಾರವನ್ನು ಬೇರೆ ವರ್ಣಿಸಬೇಕಾಗಿಲ್ಲ. ಲಂಡನ್ನಿನ ‘ಪಂಚ್’ ಪತ್ರಿಕೆಯು ಅದನ್ನು ವರುಷಗಟ್ಟಲೆ ಗೇಲಿಮಾಡಿತು. ಉಡುಗೆಯ ಚಿತ್ರದಲ್ಲಿ ಮಾತ್ರ, ಅದನ್ನು ತೊಟ್ಟವಳಿಗೆ ಬಾಗಿಲು ಎಂದೂ ಕಿರಿದಾಗಲಿಲ್ಲ!

ಇಷ್ಟು ಬಿಡುವನ್ನು ಬರೆದು ತೋರಿಸಿದವರು ಯಾರು? ಪ್ಯಾರಿಸ್ಸಿನಲ್ಲಿ ಹೆಸರಾದವರು ಎಲೊಯೀಸ್, ಅನಾಯೀಸ್, ಲೋರ್ ಎಂಬ ಅಕ್ಕತಂಗಿಯರು. ಚಿತ್ರಕಾರ ಅಲೆಕ್ಸಾಂದ್ರ್ ಕೊಲ್ಯಾಂ ಎಂಬಾತನ ಪುತ್ರಿಯರು. ಇವರಲ್ಲಿ 1822ರಲ್ಲಿ ಜನಿಸಿದ ಅನಾಯೀಸ್ ತೂದೂಜಳು ಪತಿಯನ್ನು ಕಳೆದುಕೊಂಡ ಬಳಿಕ ಈ ಕಸುಬಿನಿಂದಲೇ ಮಕ್ಕಳನ್ನು ಸಾಕಿದಳು. ಮಗಳು ಇಸಾಬೆಲಳೂ ತಾಯಿಯ ದಾರಿಯನ್ನೇ ಹಿಡಿದಳು.

ಅಮೆರಿಕದ ಫಿಲಡೆಲ್ಫಿಯದಲ್ಲಿ 1830ರಲ್ಲಿ ಹುಟ್ಟಿದ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಪತ್ರಿಕೆಯ ಕಥೆಯೂ ಇಂತಹುದೇ. 1860ರ ವೇಳೆಗೆ ಅದರ ಪ್ರಸಾರ ಸುಮಾರು 1,50,000 ಪ್ರತಿಗಳು. ಲೋಹದ ಫಲಕದಿಂದ ಕಪ್ಪುಗೆರೆಗಳಲ್ಲಿ ಅಚ್ಚಾದ ಚಿತ್ರಗಳಿಗೆ ಸುಮಾರು 150 ಮಂದಿ ಹೆಂಗಸರು ಕೂಲಿಗೆ ಕುಂಚ ಹಿಡಿದು ಬಣ್ಣ ತುಂಬುತ್ತಿದ್ದರು. ಒಂದು ಬಣ್ಣ ತೀರಿದರೆ ಮತ್ತೊಂದು. ಆದುದರಿಂದ ಒಂದೇ ಉಡುಗೆ ಒಂದು ಮನೆಯ ಪ್ರತಿಯಲ್ಲಿ ಒಂದು ಬಣ್ಣವಾಗಿ, ನೆರೆಮನೆಯ ಪ್ರತಿಯಲ್ಲಿ ಇನ್ನೊಂದಾಗಿ ಕಾಣುವುದೂ ಇದ್ದಿತು. ತಮ್ಮ ಕುಂಚದಲ್ಲಿ ಅರಳಿದ ರೇಷ್ಮೆಯನ್ನು ತೊಡುವ ಯೋಗ ಅವರಲ್ಲಿ ಎಷ್ಟು ಮಂದಿಗಿದ್ದೀತು?

ಆ ಪತ್ರಿಕೆಯನ್ನು 1837ರಿಂದ 1877ರ ವರೆಗೆ ಸಂಪಾದಿಸಿದವಳು ಸಾರಾ ಜೊಸೀಫಾ ಹೇಲ್. 1822ರಲ್ಲಿ ಪತಿಯು ತೀರಿಕೊಂಡಾಗ ಐದು ಮಕ್ಕಳ ಹೊರೆ ಆಕೆಯ ಮೇಲೆ ಬಿದ್ದಿತು, ಲೇಖನಿಯೇ ಜೀವನಾಧಾರವಾಯಿತು. ಸ್ತ್ರೀಯರಿಗೆ ಉಚ್ಚ ವಿದ್ಯಾಭ್ಯಾಸ ದೊರೆಯಬೇಕೆಂದು ಆಕೆ ಬಿಡದೆ ಬರೆದಳು. ಮತದಾನದ ಹಕ್ಕನ್ನು ಮಾತ್ರ, ಏಕೋ, ಬೆಂಬಲಿಸಲಿಲ್ಲ. ಉಡುಗೆಯ ಚಿತ್ರಗಳಲ್ಲಿ ಆಕೆಗೆ ಅಷ್ಟೇನೂ ಆದರವಿರಲಿಲ್ಲ. ಪತ್ರಿಕೆ ಬಿಕರಿಯಾಗುತ್ತಿದ್ದುದು ಬಹುಮಟ್ಟಿಗೆ ಅವುಗಳಿಂದಲೇ. ತಿಂಗಳು ತಿಂಗಳಿಗೂ ಸಾವಿರಾರು ಮನೆಗಳಿಗೆ ಬಣ್ಣದ ಉಡುಗೆಗಳನ್ನು ಕಳುಹಿಸುತ್ತಿದ್ದ ಆಕೆ, ಪತಿಯು ತೀರಿದ ದಿನದಿಂದ 1879ರಲ್ಲಿ ತಾನು ಕಣ್ಮುಚ್ಚುವವರೆಗೂ ಕರಿಯ ಉಡುಗೆಯನ್ನೇ ತೊಡುತ್ತಿದ್ದಳು.