ಬ್ಲ್ಯಾಕ್‌ಮೇಲಿನಲ್ಲಿ ಅಂಚೆಯಿಲ್ಲ

ಇಂಗ್ಲಿಷ್ ಭಾಷೆಯ ಸೊಬಗನ್ನು ಕುರಿತು ಉಪನ್ಯಾಸ ಮಾಡಲು ಕಾಲೇಜೊಂದಕ್ಕೆ ಬಂದಿದ್ದ ಮಹನೀಯರೊಬ್ಬರು, ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ದುಷ್ಟರು ಬೆದರಿಕೆಯ ಪತ್ರಗಳನ್ನು ಕಪ್ಪು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದ ಕಾರಣದಿಂದಲೇ ‘ಬ್ಲ್ಯಾಕ್‌ಮೇಲ್’ ಎಂಬ ಶಬ್ದ ಹುಟ್ಟಿತೆಂದು ಸಾರಿದಾಗ, ತುಂಬಿದ ಸಭೆಯ ವಿದ್ಯಾರ್ಥಿಗಳೆಲ್ಲರೂ ತಲೆಬಾಗಿಸಿ ಅದನ್ನು ಬರೆದುಕೊಂಡರು. ಆಧಾರವೇನೆಂದು ಒಬ್ಬರೂ ಕೇಳಲಿಲ್ಲ. ಈ ಕಥೆಯನ್ನು ನಾನು ಎಷ್ಟು ವೇದಿಕೆಗಳಲ್ಲಿ ಕೇಳಿರುವೆನೋ ಲೆಕ್ಕವಿಲ್ಲ. ಇನ್ನೂ ಸುಮ್ಮನಿರುವುದು ನನ್ನಿಂದಾಗದು.

1884ರಲ್ಲಿ ಮೊದಲ ಸಂಚಿಕೆಯನ್ನು ಕಂಡು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡಿನ ಮಹಾನಿಘಂಟು, ಪ್ರತಿಯೊಂದು ಶಬ್ದವೂ ಯಾವ ವರ್ಷದಲ್ಲಿ ಯಾವ ಅರ್ಥದಲ್ಲಿ ಬರೆಹಕ್ಕೆ ಬಂದಿತೆಂಬುದನ್ನು ಪ್ರಯೋಗಗಳ ಸಮೇತ ಕಾಲಾನುಕ್ರಮವಾಗಿ ತೋರಿಸುತ್ತದೆ. ಅದನ್ನು ಬಿಡಿಸಿದವರಿಗೆ ‘ಮೇಲ್’ ಎಂಬುದು ಒಂದು ಶಬ್ದವಲ್ಲ, ಒಂದೇ ವೇಷ ತೊಟ್ಟ ಹಲವು ಶಬ್ದಗಳೆಂಬುದು ಆ ಪುಟದಲ್ಲಿಯೇ ಗೋಚರವಾಗುತ್ತದೆ. ಅವುಗಳಲ್ಲಿ ಮೂರನ್ನು ಇಲ್ಲಿ ಹೇಳಬೇಕು. ನಮ್ಮ ಹಳಗನ್ನಡದ ‘ಮೇಲ್’ ಎಂಬುದಕ್ಕೂ ಇಂಗ್ಲಿಷಿನ ಅಂಚೆಗೂ ಎಷ್ಟು ನಂಟೋ, ಹುಟ್ಟಿನಲ್ಲಿ ಈ ಮೂರಕ್ಕೂ ಪರಸ್ಪರ ಅಷ್ಟೇ ನಂಟು.

ಅಂಚೆಯ ಮೇಲ್ ಮೂಲತಃ ಚೀಲ. ಜರ್ಮಾನಿಕ್ ಮೂಲದಿಂದ ಹಳೆಯ ಫ್ರೆಂಚಿನ ಮೂಲಕ ಬಂದ ಈ ಶಬ್ದಕ್ಕೆ ಪ್ರಯಾಣಿಕನ ಹಸಿಬೆ ಎಂಬುದೇ ಮೊದಲ ಅರ್ಥವಾಗಿದ್ದಿತು. ಹದಿನೇಳನೆಯ ಶತಮಾನದಲ್ಲಿ ಅದು ಕಾಗದಗಳನ್ನು ಹೊರುವ ಚೀಲವಾಯಿತು, ಆಮೇಲೆ ಕಾಗದಗಳೇ ಆಯಿತು, ಅವನ್ನು ಹೊತ್ತ ರೈಲಿಗೆ ನಾವು ಮೇಲ್ ಗಾಡಿಯೆಂದು ಹೆಸರಿಟ್ಟೆವು. ಯೋಧನ ಉಕ್ಕಿನ ಬಳೆಗಳ ಕವಚದ ಮೇಲ್ ಆದರೋ ಲ್ಯಾಟಿನ್ನಿನ ‘ಮ್ಯಾಕ್ಯುಲಾ’ ಎಂಬುದರಿಂದ ಬಂದಿದೆ. ಕಲೆ, ಬಲೆಯ ಕಣ್ಣು ಎಂದು ಅದರ ಅರ್ಥ. ಕಣ್ಣಿನ ವೈದ್ಯರ ಬಾಯಲ್ಲಿ ಇಂದಿಗೂ ಕೇಳಿಬರುವ ಮ್ಯಾಕ್ಯುಲಾ ಅದೇ.

ಬ್ಲ್ಯಾಕ್‌ಮೇಲಿನಲ್ಲಿರುವುದು ಮೂರನೆಯದು. ಮಾತು, ಒಡಂಬಡಿಕೆ ಎಂಬ ಅರ್ಥದ ಹಳೆಯ ನಾರ್ಸ್ ಭಾಷೆಯ ‘ಮಾಲ್’ ಶಬ್ದದೊಡನೆ ನಂಟುಳ್ಳ ಇದು ಸ್ಕಾಟ್‌ಲೆಂಡಿನಲ್ಲಿ ನೆಲೆನಿಂತು, ಒಕ್ಕಲು ಭೂಮಾಲೀಕನಿಗೆ ಒಪ್ಪಂದದಂತೆ ತೆರುವ ಗೇಣಿ ಎಂಬ ಅರ್ಥವನ್ನು ಪಡೆಯಿತು. ಕನ್ನಡಿಗರಿಗೆ ತಿಳಿಯುವಂತೆ ಹೇಳುವುದಾದರೆ ಬ್ಲ್ಯಾಕ್‌ಮೇಲ್ ಎಂದರೆ ಕರಿಯ ಗೇಣಿ.

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿಗೂ ಸ್ಕಾಟ್‌ಲೆಂಡಿಗೂ ನಡುವಣ ಗಡಿಸೀಮೆಯಲ್ಲಿ ‘ರೀವರ್’ ಎಂಬ ಹೆಸರಿನ ಕುದುರೆಸವಾರ ಸೂರೆಗಾರರ ಹಾವಳಿ ಮಿತಿಮೀರಿದ್ದಿತು. ಆರ್ಮ್‌ಸ್ಟ್ರಾಂಗ್, ಗ್ರೇಅಮ್, ಎಲಿಯಟ್ ಮೊದಲಾದ ಮನೆತನಗಳವರು ಕತ್ತಲು ಕವಿದ ಮೇಲೆ ಬಂದು ಹಟ್ಟಿಯ ದನಗಳನ್ನು ಹೊಡೆದುಕೊಂಡು, ಬಣವೆಗೆ ಬೆಂಕಿಯಿಟ್ಟು ಹೋಗುತ್ತಿದ್ದರು. ಇದರಿಂದ ಪಾರಾಗಲು ರೈತನು ಆ ಸೂರೆಗಾರರಿಗೆ ಇಲ್ಲವೆ ಅವರ ಬೆಂಬಲವುಳ್ಳ ಬಲಿಷ್ಠರಿಗೆ ಹಣವನ್ನೋ ಧಾನ್ಯವನ್ನೋ ದನವನ್ನೋ ಒಪ್ಪಿಸಬೇಕಾಗಿದ್ದಿತು. ಒಡೆಯನಿಗೆ ಒಂದು ಗೇಣಿ, ಕಳ್ಳನಿಗೆ ಇನ್ನೊಂದು. 1601ರಲ್ಲಿ, ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಕಂಬರ್‌ಲೆಂಡ್, ನಾರ್ತಂಬರ್‌ಲೆಂಡ್, ವೆಸ್ಟ್‌ಮರ್‌ಲೆಂಡ್, ಡರ್ಹಮ್ ಎಂಬ ನಾಲ್ಕು ಉತ್ತರದ ಸೀಮೆಗಳಿಗಾಗಿ ಕಾನೂನು ಮಾಡಿ, ಈ ಕರಿಯ ಗೇಣಿಯನ್ನು ಕೊಂಡವನಿಗೂ ಕೊಟ್ಟವನಿಗೂ ಮರಣದಂಡನೆಯನ್ನು ವಿಧಿಸಿತು. ಕೊಡದಿದ್ದರೆ ಸೂರೆ, ಕೊಟ್ಟರೆ ನೇಣು ಎಂಬ ಸ್ಥಿತಿ ಆ ಒಕ್ಕಲಿನದು. ಅವನ ಸಂಕಟವನ್ನೆಲ್ಲ ಒಂದು ಕಪ್ಪು ಲಕೋಟೆಯ ಕೆಳಗೆ ಮುಚ್ಚಿಬಿಡುವ ಕಥೆಯನ್ನು ನಿರಪಾಯವಾದ ವಿನೋದವೆಂದು ನಾನು ಒಪ್ಪಲಾರೆ.

ಕಾಲಗಣನೆಯೊಂದೇ ಆ ಕಥೆಯನ್ನು ಕೆಡವಲು ಸಾಕು. ಬ್ಲ್ಯಾಕ್‌ಮೇಲ್ ಎಂಬುದು ದಾಖಲೆಗಳಲ್ಲಿ ಬಳಕೆಯಾಗುತ್ತಿದ್ದಾಗ ಮೇಲ್ ಎಂಬುದಕ್ಕೆ ಅಂಚೆಯ ಅರ್ಥವೇ ಬಂದಿರಲಿಲ್ಲ. ಗುಟ್ಟನ್ನು ಬಯಲುಮಾಡುವೆನೆಂದು ಹೆದರಿಸಿ ಹಣ ಕೀಳುವುದೆಂಬ ಇಂದಿನ ಅರ್ಥ ಕೂಡಿಕೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಧ್ವನಿಸಾಮ್ಯವನ್ನೇ ನೆಚ್ಚಿ ಹೊರಟರೆ ನಮ್ಮಲ್ಲಿಯೂ ಸಾಮಂತರು ಕೊಡುತ್ತಿದ್ದ ‘ಕಪ್ಪ’ವನ್ನು ‘ಕಪ್ಪು’ ಬಣ್ಣಕ್ಕೆ ಗಂಟುಹಾಕುವವರು ನಾಳೆಯೇ ಹುಟ್ಟಿಯಾರು.

ಸಭೆ ಮುಗಿದ ಮೇಲೆ ಹುಡುಗಿಯೊಬ್ಬಳು ನನ್ನೊಡನೆ ಗ್ರಂಥಾಲಯಕ್ಕೆ ಬಂದು, ನಿಘಂಟಿನ ಆ ಪುಟದ ಮೇಲೆ ಬೆರಳಿಟ್ಟು ವರ್ಷಗಳನ್ನು ಓದಿಕೊಂಡು, ತನ್ನ ಟಿಪ್ಪಣಿ ಪುಸ್ತಕದಲ್ಲಿದ್ದ ಲಕೋಟೆಯ ಸಾಲನ್ನು ಹೊಡೆದುಹಾಕಿದಳು. “ಸಾರ್, ಹಾಗಾದರೆ ನ್ಯೂಸ್ ಅನ್ನೋದರ ನಾಲ್ಕು ದಿಕ್ಕುಗಳು?” ಎಂದು ಕೇಳಿದಳು. ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಆ ಶಬ್ದವಾಯಿತೆಂಬುದೂ ಸುಳ್ಳು; ‘ನ್ಯೂ’ ಎಂಬುದರ ಬಹುವಚನವೇ ನ್ಯೂಸ್, ಹೊಸ ಸಂಗತಿಗಳು ಎಂದಷ್ಟೇ ಅರ್ಥ. ಮಾಣಿಗೆ ಕೊಡುವ ‘ಟಿಪ್’ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಲ್ಲ, ಕೊಡು ಎಂಬ ಅರ್ಥದಲ್ಲಿ ಹಿಂದೆ ಕಳ್ಳರ ಗುಪ್ತಭಾಷೆಯಲ್ಲಿದ್ದ ಮಾತು. ಇಂಡಿಯಾಕ್ಕೆ ಬರುವ ಹಡಗಿನಲ್ಲಿ ಎಡದ ಕೋಣೆ, ಮರಳುವಾಗ ಬಲದ ಕೋಣೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳೆಂದು ‘ಪಾಶ್’ ಶಬ್ದಕ್ಕೆ ಹೇಳುವ ಕಥೆಗೆ ಆ ಅಕ್ಷರಗಳ ಮುದ್ರೆಯುಳ್ಳ ಒಂದು ಟಿಕೆಟ್ಟೂ ದೊರೆತಿಲ್ಲ. ಮೊದಲಕ್ಷರಗಳನ್ನು ಪೋಣಿಸಿ ಶಬ್ದ ಕಟ್ಟುವ ರೂಢಿ ಬೆಳೆದುದೇ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ ನಮ್ಮ ಜನ, ವೇದಿಕೆಯಿಂದ ಬಂದ ಮಾತನ್ನು ಮಾತ್ರ ಮುಟ್ಟಿಯೂ ನೋಡದೆ ಮನೆಗೆ ಒಯ್ಯುವುದು ನನಗೆ ನಿಜವಾಗಿಯೂ ದುಃಖದ ಸಂಗತಿ.

ಆ ಹುಡುಗಿಯ ಊರಿನ ಶಾಲೆಯ ಗೋಡೆಯ ಮೇಲೆ ನ್ಯೂಸಿನ ನಾಲ್ಕು ದಿಕ್ಕುಗಳನ್ನು ಬಣ್ಣದಲ್ಲಿ ಬರೆಸಿದ್ದಾರಂತೆ. ಬೇಸಿಗೆಯ ರಜೆಯಲ್ಲಿ ಸುಣ್ಣ ಬಳಿಸುವಾಗ ಅದನ್ನು ಅಳಿಸಬೇಕೆಂದು ಕೋರಿ, ಅಲ್ಲಿಯ ಮುಖ್ಯೋಪಾಧ್ಯಾಯರಿಗೆ ಒಂದು ಕಾಗದವನ್ನು ಬರೆದು ಅವಳ ಕೈಯಲ್ಲಿಯೇ ಕೊಟ್ಟಿದ್ದೇನೆ.