ತಾನೇ ಕಟ್ಟಿಕೊಳ್ಳುವ ಗೋಡೆ

ಮನೆ ಕಟ್ಟಿಸುವಾಗ ಇಟ್ಟಿಗೆಯ ರಾಶಿ ತಂದು ಹಾಕಿದರೆ ಸಾಲದು. ಗಾರೆಯವರು ಬರಬೇಕು, ದಾರ ಹಿಡಿಯಬೇಕು, ತೂಗುಗುಂಡು ಬಿಡಬೇಕು. ಇಟ್ಟಿಗೆಗಳೇ ನೀರಿನಲ್ಲಿ ತೇಲಿಬಂದು ಸಾಲಾಗಿ ನಿಂತು ಗೋಡೆಯಾದರೆ? ಕಥೆಯಂತೆ ತೋರುವ ಈ ಕೆಲಸವನ್ನು ಕಣ್ಣಿಗೆ ಕಾಣದ ಹಲವು ಬ್ಯಾಕ್ಟೀರಿಯಾಗಳು ಸದಾ ಮಾಡುತ್ತಿರುತ್ತವೆ.

ಅಂಥದೊಂದು ಬ್ಯಾಕ್ಟೀರಿಯಾ ಲೈಸಿನಿಬ್ಯಾಸಿಲಸ್ ಸ್ಫೇರಿಕಸ್. ಕೊತ್ತತ್ತಿಯ ಕಡೆಯ ಭತ್ತದ ಗದ್ದೆಗಳಲ್ಲಿ ನೀರು ನಿಂತರೆ ಸೊಳ್ಳೆ ಹುಟ್ಟುವುದು ನಿಮಗೆ ಗೊತ್ತು. ಸೊಳ್ಳೆ ಹರಡುವ ಜಪಾನೀ ಮೆದುಳು ಜ್ವರವನ್ನು ಮಂಡ್ಯ ಜಿಲ್ಲೆ ಕಂಡಿದೆ. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಸೊಳ್ಳೆಮರಿಗಳ ಕರುಳನ್ನು ಕೆಡಿಸುವ ವಿಷವನ್ನು ಉತ್ಪತ್ತಿ ಮಾಡುವುದರಿಂದ, ಅವನ್ನು ಸೊಳ್ಳೆ ನಿಯಂತ್ರಣಕ್ಕೆ ಬಳಸುತ್ತಾರೆ.

ಇದೇ ಜಾತಿಯ ಬೇರೆ ತಳಿಗಳ ಹೊರಮೈ ವಿಜ್ಞಾನಿಗಳ ಗಮನ ಸೆಳೆದಿದೆ. ಒಂದೇ ಬಗೆಯ ಪ್ರೋಟೀನುಗಳು ಚಾಪೆಯ ಹೆಣಿಗೆಯಂತೆ ಸೇರಿ ಅದರ ಮೇಲೆ ಹೊದಿಕೆಯಾಗುತ್ತವೆ. ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು ಎಂದರೆ ಒಂದು ನ್ಯಾನೋಮೀಟರ್. ಇಂಥ ಹೊದಿಕೆಗಳ ದಪ್ಪ ಸಾಮಾನ್ಯವಾಗಿ 5ರಿಂದ 10 ನ್ಯಾನೋಮೀಟರ್. ರಂಧ್ರಗಳು 2ರಿಂದ 8 ನ್ಯಾನೋಮೀಟರ್, ಎಲ್ಲವೂ ಒಂದೇ ಅಳತೆ.

ಯೂರಿಯಾದಂಥ ವಸ್ತುವಿನ ಗಾಢ ದ್ರಾವಣದಲ್ಲಿ ಹೊದಿಕೆಯನ್ನು ಬಿಡಿಸಬಹುದು. ಆ ವಸ್ತುವನ್ನು ತೆಗೆದರೆ ಬಿಡಿ ಪ್ರೋಟೀನುಗಳು ಮತ್ತೆ ತಾವಾಗಿಯೇ ಜೋಡಿಸಿಕೊಳ್ಳುತ್ತವೆ. ಕೆಲವಕ್ಕೆ ಸ್ವಲ್ಪ ಕ್ಯಾಲ್ಸಿಯಂ ಬೇಕು. ಬ್ಯಾಕ್ಟೀರಿಯಾವೇ ಬೇಡ, ಗಾಜು, ಚಿನ್ನ, ಸಿಲಿಕಾನ್ ಮೇಲೂ ಚಾಪೆ ಹರಡುತ್ತದೆ. ವಿಯೆನ್ನಾದಲ್ಲಿ ಊವೆ ಸ್ಲೈಟರ್ ಮತ್ತು ಸಂಗಡಿಗರು ಇದರಿಂದ ಅತಿ ಸೂಕ್ಷ್ಮ ಸೋಸುಪರೆಗಳನ್ನು ರೂಪಿಸಿದರು. ಜರ್ಮನಿಯ ಯುರೇನಿಯಂ ಗಣಿಯ ತ್ಯಾಜ್ಯ ರಾಶಿಯಲ್ಲಿ ಸಿಕ್ಕ ಸ್ಫೇರಿಕಸ್ ತಳಿಯೊಂದರ ಹೊದಿಕೆ ಯುರೇನಿಯಂ, ತಾಮ್ರಗಳನ್ನು ಹಿಡಿದಿಡುತ್ತದೆ. ಮಲಿನ ನೀರಿನಿಂದ ಲೋಹ ತೆಗೆಯಲು ಡ್ರೆಸ್ಡೆನ್ನಿನ ಸಂಶೋಧಕರು ಅದನ್ನು ಪಿಂಗಾಣಿಯಂಥ ಪದಾರ್ಥದಲ್ಲಿ ಸೇರಿಸಿ ಪರೀಕ್ಷಿಸಿದ್ದಾರೆ.

ಹಾಗಾದರೆ ಸೊಳ್ಳೆಮರಿ ಕೊಲ್ಲುವ ಪುಡಿಯನ್ನು ಬಾವಿಗೆ ಹಾಕಿದರೆ ನೀರು ಶುದ್ಧವಾಗುವುದೇ? ಖಂಡಿತ ಇಲ್ಲ. ಸೊಳ್ಳೆಮರಿಯನ್ನು ಕೊಲ್ಲುವ ಪ್ರೋಟೀನು ಬೇರೆ, ಹೊದಿಕೆಯ ಪ್ರೋಟೀನು ಬೇರೆ, ತಳಿಗಳೂ ಬೇರೆ. ಹೊದಿಕೆಯನ್ನು ಬೇರ್ಪಡಿಸಿ, ಗಟ್ಟಿ ಆಧಾರದ ಮೇಲೆ ಕೂರಿಸಿದಾಗಲೇ ಅದು ಜರಡಿ. ಹೆಚ್ಚು ಆಮ್ಲದಲ್ಲಿ ಅದು ಕಳಚಿಕೊಳ್ಳುವುದೂ ಉಂಟು. ಆದ್ದರಿಂದ ಹಳ್ಳಿಯ ಮನೆಗೆ ಇಂದಿಗೂ ಕಾಯಿಸಿ ಆರಿಸಿದ ನೀರೇ ಭರವಸೆ. ಆದರೆ ಕಾಯಿಸುವುದರಿಂದ ರೋಗಾಣು ಸಾಯುತ್ತದೆಯೇ ಹೊರತು ಲೋಹದ ವಿಷ ಹೋಗದು. ಆ ಕೊರತೆ ತುಂಬಲೆಂದೇ ಈ ಪುಟ್ಟ ಗೋಡೆಯ ಮೇಲೆ ಇಷ್ಟು ದುಡಿಮೆ.